ಎಣ್ಣೆ ಕುಡಿಸಿದ ಫಿಲ್ಟರು

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಜನರೇಟರಿನ ಸದ್ದು ಬದಲಾಯಿತು. ಮೂರಕ್ಕೆ ಎಬ್ಬಿಸಿ ಎಂದು ನಾದಿನಿ ಹೇಳಿ ಮಲಗಿದ್ದಳು, ಹಾಗಾಗಿ ನಾನು ಆಗಾಗ ಫೋನು ನೋಡಿಕೊಳ್ಳುತ್ತಿದ್ದೆ. ಅದಕ್ಕೇ ಗಂಟೆ ಇಷ್ಟು ಖಚಿತವಾಗಿ ನೆನಪಿದೆ. ಅಲ್ಲಿಯವರೆಗೆ ಒಂದೇ ಸಮನೆ ಗುರ್ ಎನ್ನುತ್ತಿದ್ದ ಯಂತ್ರ ಒಮ್ಮೆ ಏರಿ, ಒಮ್ಮೆ ಇಳಿದು, ದಮ್ಮು ಹತ್ತಿದವರ ಹಾಗೆ ಎಳೆದೆಳೆದು ಉಸಿರಾಡತೊಡಗಿತು.

ನಾವು ಅಕ್ಕಲಕೋಟದಲ್ಲಿದ್ದೆವು. ನಾದಿನಿಯ ಕೂಸಿಗೆ ಆ ಬೆಳಿಗ್ಗೆ ಜಾವಳ, ಅಂದರೆ ಮೊದಲ ಸಲ ತಲೆಗೂದಲು ತೆಗೆಸುವ ಶಾಸ್ತ್ರ, ಮಾಡಿಸಿದ್ದೆವು. ಅತ್ತು ಅತ್ತು ಸುಸ್ತಾದ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಅವಳು ಗಾಡಿಯೊಳಗೆ ಮಲಗಿದ್ದಳು. ನಾನು, ನನ್ನ ಗಂಡ, ಮಾವ ಮೂವರೂ ಸ್ವಲ್ಪ ದೂರದ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಚಹಾ ಕುಡಿಯುತ್ತಿದ್ದೆವು.

"ಸಪ್ಪಳ ಬ್ಯಾರೆ ಆತಲ್ರಿ," ಅಂದೆ ನಾನು.

"ಹೊಸಾ ಎಣ್ಣಿ ಬಿದ್ದದ, ಹೊಸಾ ಫಿಲ್ಟರ್ ಬಿದ್ದದ. ಮೈಗೂಡಾಕ ಹೊತ್ತ ಹಿಡೀತದ ತಂಗಿ," ಅಂದರು ಮಾವ. "ನೀ ಹೊಸದಾಗಿ ನಮ್ಮನಿಗಿ ಬಂದಾಗ ಹಿಂಗs ಗುರ್ ಗುರ್ ಅಂತಿದ್ದಿ."

"ಈಗ ಅನ್ನಂಗಿಲ್ಲೇನು?" ಅಂದ ನನ್ನ ಗಂಡ.

ನಾವು ನಕ್ಕೆವು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ಆ ಸದ್ದಿನ ಜೊತೆಗೇ ಇದೆ.

ಗಾಡಿಯ ವಿಷಯ ಹೇಳಬೇಕು. ನಾವು ಅದನ್ನು ಗಾಡಿಮನಿ ಎನ್ನುತ್ತೇವೆ. ಪುಣೆಯ ಕಡೆ ಶೂಟಿಂಗಿಗೆ ಓಡಾಡಿ ಹಳತಾದ ವ್ಯಾನು ಅದು. ಎರಡು ಹಾಸಿಗೆ, ಒಂದು ಅಡುಗೆಕಟ್ಟೆ, ಚಿಕ್ಕ ಸಂಡಾಸು, ಎ.ಸಿ. ಎಲ್ಲ ಇವೆ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಅಕ್ಕಲಕೋಟ, ತುಳಜಾಪುರ, ಪಂಢರಪುರ ಸುತ್ತಬೇಕೆನ್ನುವ ಊರೂರಿನ ಕುಟುಂಬಗಳಿಗೆ ನನ್ನ ಗಂಡ ಅದನ್ನು ಬಾಡಿಗೆಗೆ ಓಡಿಸುತ್ತಾನೆ. ನಾನು ಸೊಲ್ಲಾಪುರದಲ್ಲಿ ವಿಮೆ ಕಚೇರಿಗೆ ಹೋಗುತ್ತೇನೆ. ಮಾವ ಬೋರಾಮಣಿ ಎಂಬ ಹಳ್ಳಿಯಿಂದ ಬಂದು ಬಟ್ಟೆ ಗಿರಣಿಯ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಅತ್ತೆ ಇಲ್ಲ. ಗಾಡಿಮನಿ ಬಂದಂದಿನಿಂದ ಮಾವ ಅದರ ಸಾಕುತಂದೆ. ನೀರು ತುಂಬಿಸುವುದು, ಹಾಸಿಗೆ ಕೊಡವುವುದು, ಹಿಂದಿನ ಪೆಟ್ಟಿಗೆಯಲ್ಲಿರುವ ಪೆಟ್ರೋಲ್ ಜನರೇಟರನ್ನು ಒರೆಸಿ ಇಡುವುದು, ಎಲ್ಲ ಅವರದೇ. ಗಾಡಿ ನಿಂತಲ್ಲಿ ಎ.ಸಿ. ಓಡಬೇಕಾದರೆ ಈ ಜನರೇಟರೇ ಆಧಾರ.

ಜಾವಳಕ್ಕೆ ಮುಂಚೆ ಅದಕ್ಕೆ ಎಣ್ಣೆ ಬದಲಿಸಬೇಕು, ಗಾಳಿಯ ಫಿಲ್ಟರು ಹೊಸದು ಹಾಕಬೇಕು ಎಂದು ತೀರ್ಮಾನವಾಯಿತು. ಮಗಳು, ಮೊಮ್ಮಗಳು ಕೂರುವ ಗಾಡಿ. ಎಲ್ಲ ಹೊಸದಾಗಿರಬೇಕೆಂದು ಮಾವನ ಹಟ. ಅಂದು ಕೂಸಿಗೆ ಬಟ್ಟೆ ಕೊಳ್ಳಲು ನವಿ ಪೇಠಕ್ಕೆ ಹೋಗುವುದಿತ್ತು, ಹೀಗಾಗಿ ಬಿಡಿಭಾಗದ ಅಂಗಡಿಗೆ ನಾನೂ ಜೊತೆಗೆ ಹೋದೆ.

ಅಂಗಡಿಯಾತ ಮರಾಠಿ ಮನುಷ್ಯ. ಗಿರಾಕಿ ಯಾವ ಭಾಷೆಯಲ್ಲಿ ಬಾಯಿ ತೆರೆದರೆ ಆ ಭಾಷೆಯಲ್ಲಿ ಶುರುಮಾಡಿ, ಮಾತು ಅರ್ಧಕ್ಕೆ ಬಂದಾಗ ತನ್ನ ಮರಾಠಿಗೆ ಇಳಿಯುತ್ತಿದ್ದ. ನಮ್ಮೂರಲ್ಲಿ ಇದೇನು ವಿಶೇಷವಲ್ಲ, ನಾವೂ ಹಾಗೆಯೇ. ಒಂದು ವಾಕ್ಯ ಎಲ್ಲಿ ಕನ್ನಡ ಬಿಟ್ಟು ಮರಾಠಿಯಾಯಿತೆಂದು ಆಡಿದವನಿಗೂ ಗೊತ್ತಿರುವುದಿಲ್ಲ, ಕೇಳಿದವನಿಗೂ ಗೊತ್ತಾಗುವುದಿಲ್ಲ.

ಎಣ್ಣೆಯ ಮೇಲೆ ದೊಡ್ಡ ಚರ್ಚೆಯಾಯಿತು. ಜನರೇಟರಿನ ಜೊತೆ ಬಂದ ಪುಸ್ತಕದಲ್ಲಿ ತೆಳು ಎಣ್ಣೆಯ ನಂಬರು ಇತ್ತು.

"ಸೊಲ್ಲಾಪುರದ ಉನ್ಹಾಳ್ಯಾಗ ಅದು ನೀರಾಗಿ ಹೋಗ್ತದೋ," ಅಂದರು ಮಾವ. "ಇಲ್ಲಿ ಬ್ಯಾಸಗ್ಯಾಗ ರಸ್ತೇದ ಡಾಂಬರ ಕರಗ್ತದ. ದಪ್ಪಂದು ತಗೋ."

"ಅಪ್ಪಾ, ಇದು ಇಂಜಿನ್ ಅದ. ಭಜಿ ಕರಿಯೂ ಕಡಾಯಿ ಅಲ್ಲ."

"ಭಜಿ ಆದ್ರೂ ಮನಶಾನ ಹೊಟ್ಟಿಗಿ ಹೋಗ್ತದ. ನಿನ್ನ ಇಂಜಿನ್ ಯಾರ ಹೊಟ್ಟಿಗಿ ಹೋಗ್ತದ?"

ಅಂಗಡಿಯಾತ ಎರಡು ಡಬ್ಬಿಗಳಿಂದ ಬೆರಳಿಗೆ ಒಂದೊಂದು ಹನಿ ಹಚ್ಚಿ, ಬೆರಳು ಕೂಡಿಸಿ ಬಿಡಿಸಿ, ಎಳೆ ಎಷ್ಟು ಉದ್ದ ಬರುತ್ತದೆಂದು ತೋರಿಸಿದ. ಕೊನೆಗೆ ಪುಸ್ತಕವನ್ನು ನಾನೇ ಇಸಿದುಕೊಂಡು ಓದಿದೆ. ತೀರ ಬಿಸಿಲಿನ ಊರಿಗೆ ಮೂವತ್ತನೇ ನಂಬರಿನ ಎಣ್ಣೆ ಆಗುತ್ತದೆಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದು ತೆಳುವೂ ಅಲ್ಲ, ಮಾವ ಕೇಳಿದಷ್ಟು ದಪ್ಪವೂ ಅಲ್ಲ. ಅಪ್ಪ ಮಗ ಇಬ್ಬರೂ ತಾವೇ ಗೆದ್ದೆವೆಂದುಕೊಂಡರು. ಎಣ್ಣೆಯ ಆಯ್ಕೆಯಲ್ಲಿ ನಾವು ತಪ್ಪಲಿಲ್ಲ. ಇದನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದರಿಂದ ಏನೂ ಸಮಾಧಾನ ಸಿಗದಿದ್ದರೂ.

ಆಮೇಲೆ ಫಿಲ್ಟರು. ಇಂಜಿನ್ನು ಒಳಗೆ ಎಳೆದುಕೊಳ್ಳುವ ಗಾಳಿಯನ್ನು ಸೋಸುವ ಸಾಧನ ಅದು. ಮಡಿಕೆ ಮಡಿಕೆಯಾಗಿರುವ ಕಾಗದದ್ದೊಂದು, ಸ್ಪಂಜಿನದೊಂದು. ಅಕ್ಕಲಕೋಟದ ದಾರಿಯಲ್ಲಿ ಧೂಳು ಬಹಳವೆಂದು ಅಂಗಡಿಯಾತ ಸ್ಪಂಜಿನದನ್ನೇ ಮುಂದೆ ಇಟ್ಟ.

"ಇದನ್ನ ಒಯ್ರಿ ಕಾಕಾ. ತೊಳದು ತೊಳದು ಮತ್ತ ಮತ್ತ ವಾಪರಸ್ರಿ. ಫಕ್ತ ಹಾಕೂಮುಂದ ತ್ಯಾಲಾ ಥೋಡಂ ತೇಲ್ ಪಾಜಾ."

ಥೋಡಂ ತೇಲ್ ಪಾಜಾ. ಸ್ವಲ್ಪ ಎಣ್ಣೆ ಕುಡಿಸಿ. ಸ್ಪಂಜಿಗೆ ನಾಲ್ಕು ಹನಿ ಎಣ್ಣೆ ಸವರಿ, ಹಿಂಡಿ, ಕೈಗೆ ಜಿಡ್ಡು ಹತ್ತಿತೋ ಇಲ್ಲವೋ ಎನ್ನುವಷ್ಟು ಮಾಡಿ ಹಾಕಿದರೆ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಅವನು ಹೇಳಿದ್ದು ಅದನ್ನು.

ಮಾವನ ಕಿವಿಗೆ ಬಿದ್ದದ್ದು ಬೇರೆ. ನಮ್ಮ ಕಡೆ ತೇಲ್ ಪಾಜಣೆ, ಎಣ್ಣೆ ಕುಡಿಸುವುದು ಎಂದರೆ ಚಪ್ಪಲಿಗೆ. ದಪ್ಪ ತೊಗಲಿನ ಹೊಸ ಚಪ್ಪಲಿ ತಂದರೆ ಮಾವ ಅದನ್ನು ಅಗಲವಾದ ಪರಾತದಲ್ಲಿಟ್ಟು ಔಡಲೆಣ್ಣೆ ಸುರಿಯುತ್ತಾರೆ. ಅದು ಹೀರುತ್ತದೆ, ಇವರು ಮತ್ತೆ ಸುರಿಯುತ್ತಾರೆ. ತೊಗಲು ಇನ್ನು ಬೇಡವೆಂದು ಎಣ್ಣೆಯನ್ನು ಹಾಗೇ ಮೇಲೆ ನಿಲ್ಲಿಸಿದಾಗ ತೆಗೆದು ಒರೆಸಿ ನೆರಳಲ್ಲಿ ಇಡುತ್ತಾರೆ. ಆ ಚಪ್ಪಲಿ ವರ್ಷಗಟ್ಟಲೆ ಬಾಳುತ್ತದೆ, ಕಾಲು ಕಚ್ಚುವುದಿಲ್ಲ. ಅವರ ಬಾಳಿನಲ್ಲಿ ಕುಡಿಸು ಎಂಬ ಮಾತಿಗೆ ಅರೆಬರೆ ಅರ್ಥವೇ ಇಲ್ಲ. ಹಸಿದವನಿಗೆ ಬಡಿಸಿದ ಹಾಗೆ, ಸಾಕು ಎನ್ನುವವರೆಗೆ.

ನಾನು ಕಚೇರಿಯಲ್ಲಿ, ಗಂಡ ಬಾಡಿಗೆಯಲ್ಲಿ ಇದ್ದ ದಿನ ಅವರು ಆ ಸ್ಪಂಜನ್ನು ಅದೇ ಪರಾತದಲ್ಲಿಟ್ಟು, ಉಳಿದ ಇಂಜಿನ್ನೆಣ್ಣೆಯನ್ನೆಲ್ಲ ಕುಡಿಸಿದರು. ಒರೆಸಿ, ತಾವೇ ತಿರುಪು ಬಿಗಿದು ಜನರೇಟರಿಗೆ ಹಾಕಿದರು. ಇದೆಲ್ಲ ಆಮೇಲೆ ತಿಳಿದದ್ದು.

ಅಕ್ಕಲಕೋಟದಲ್ಲಿ ಆ ಮಧ್ಯಾಹ್ನ ಸದ್ದು ಬದಲಾದ ಮೇಲೆ ಹೊಗೆ ಕಂಡಿತು. ನೆರಳು ಸಿಗಲೆಂದು ಗಾಡಿಯ ಹಿಂಭಾಗವನ್ನು ವಾಹನ ನಿಲ್ಲಿಸುವ ಬಯಲಿನ ಕಾಂಪೌಂಡು ಗೋಡೆಗೆ ತೀರ ಹತ್ತಿರ ನಿಲ್ಲಿಸಿದ್ದೆವು. ಜನರೇಟರಿನ ಹೊಗೆಕೊಳವೆ ಗೋಡೆಯ ಕಡೆಗೇ ಇತ್ತು. ಗೋಡೆಯ ಸುಣ್ಣದ ಮೇಲೆ ಕಾಡಿಗೆ ಹಚ್ಚಿದಂತೆ ಕಪ್ಪು ಏರುತ್ತಿತ್ತು.

ನನ್ನ ಗಂಡ ಎದ್ದ. "ಬಂದ್ ಮಾಡ್ಲೇನು?"

"ಮಾಡಬ್ಯಾಡೋ," ಅಂದರು ಮಾವ. "ಎ.ಸಿ. ನಿಂತ್ರ ಕೂಸು ಏಳ್ತದ. ಈಗs ಕಣ್ಣ ಮುಚ್ಯಾದ ಪಾಪ."

ಅವನು ಕೂತ. ಯಾರಿಗೂ ಅದು ತಪ್ಪೆನಿಸಲಿಲ್ಲ. ಕೂಸು ಮಲಗಲಿ ಎಂಬುದಕ್ಕಿಂತ ಒಳ್ಳೆಯ ಕಾರಣ ಆ ಮಧ್ಯಾಹ್ನ ಜಗತ್ತಿನಲ್ಲಿ ಇರಲಿಲ್ಲ.

ಮೂರಾಗುತ್ತ ಬಂದಾಗ ನಾನು ಹೋಗಿ ಬಾಗಿಲು ಬಡಿದೆ. ಒಳಗಿನಿಂದ ಚಿಲಕ ಹಾಕಿತ್ತು. ನಾದಿನಿ ಎಚ್ಚರದ ನಿದ್ದೆಯವಳು. ಬಡಿಯುವ ಮೊದಲೇ "ಬಂದೆ ವೈನಿ" ಎಂದು ಅತ್ತಿಗೆಯಾದ ನನಗೆ ಓಗೊಡುವವಳು. ಮತ್ತೆ ಬಡಿದೆ. ಕರೆದೆ. ಆಮೇಲೆ ಹಿಂಬದಿಗೆ ಸುತ್ತಿಹೋದೆ. ಅಲ್ಲಿನ ಕಿಟಕಿ ನಾಲ್ಕು ಬೆರಳಿನಷ್ಟು ತೆರೆದಿತ್ತು. ಕೂಸಿನ ಒದ್ದೆ ಲಂಗೋಟಿಗಳನ್ನು ಒಣಗಲೆಂದು ಅದರ ಅಂಚಿಗೆ ಸಿಕ್ಕಿಸಿದ್ದಳು. ಗೋಡೆಗೂ ಗಾಡಿಗೂ ನಡುವಿನ ಸಂದಿಯಲ್ಲಿ ಹೊಗೆ ಹೊರಹೋಗಲು ದಾರಿಯಿಲ್ಲದೆ ಆ ಕಿಟಕಿಯ ಬಳಿ ನಿಂತಿತ್ತು. ಲಂಗೋಟಿಗಳು ಬೂದುಬಣ್ಣಕ್ಕೆ ತಿರುಗಿದ್ದವು.

ನಾನು ರಸಾಯನಶಾಸ್ತ್ರ ಓದಿದವಳು. ಬಣ್ಣವಿಲ್ಲದ, ವಾಸನೆಯಿಲ್ಲದ, ಉಸಿರಿನ ಜೊತೆ ಒಳಹೊಕ್ಕು ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಕೂತುಬಿಡುವ ಅನಿಲದ ಬಗ್ಗೆ ಪಾಠವಿತ್ತು. ಆ ಪಾಠ ಆ ಕ್ಷಣವೇ ನೆನಪಾಯಿತೋ, ಆಮೇಲೆ ಮನಸ್ಸು ಅದನ್ನು ಅಲ್ಲಿ ತಂದಿಟ್ಟಿತೋ, ಹೇಳಲಾರೆ. ಕೂಗಿದ್ದು ಮಾತ್ರ ನೆನಪಿದೆ.

"ಅದನ್ನ ಬಂದ್ ಮಾಡ್ರಿ! ಮೊದಲ ಅದನ್ನ ಬಂದ್ ಮಾಡ್ರಿ!"

ಗಂಡ ಓಡಿಬಂದು ಯಂತ್ರ ನಿಲ್ಲಿಸಿದ. ಎ.ಸಿ. ನಿಂತಿತು. ಎ.ಸಿ. ನಿಂತರೆ ಕೂಸು ಏಳುತ್ತದೆ ಎಂದಿದ್ದರಲ್ಲ, ನಾವು ಮೂವರೂ ಆ ಅಳುವಿಗಾಗಿ ಕಿವಿಗೊಟ್ಟು ನಿಂತೆವು. ಕೂಸು ಏಳಲಿಲ್ಲ.

ಅವನು ಕಿಟಕಿಯ ಗಾಜು ಪೂರ್ತಿ ಸರಿಸಿದ. ಅದರಲ್ಲಿ ಅವನ ಹೆಗಲು ತೂರಲಿಲ್ಲ. ನನ್ನ ಸೊಂಟ ಹಿಡಿದು ಎತ್ತಿದ, ನಾನು ತಲೆ ಮುಂದಾಗಿ ಒಳಗೆ ಬಿದ್ದೆ. ಒಳಗೆ ತಂಪಿತ್ತು. ಇದನ್ನು ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ: ಒಳಗೆ ಎಷ್ಟು ಹಿತವಾಗಿ ತಂಪಿತ್ತು! ಹೊರಗಿನ ಉರಿಬಿಸಿಲಿನಿಂದ ಬಂದವರಿಗೆ ಅಲ್ಲೇ ಮಲಗಿಬಿಡೋಣ ಎನಿಸುವಂತಿತ್ತು.

ನಾದಿನಿಯ ಕಣ್ಣುಗಳು ಅರ್ಧ ತೆರೆದಿದ್ದವು. ನನ್ನನ್ನು ನೋಡಿದಳು, ಆದರೆ ಯಾರೆಂದು ಗುರುತು ಹಿಡಿಯಲಿಲ್ಲ. ಅವಳ ತೋಳಿನ ಮೇಲೆ ಕೂಸು. ಬೋಳಿಸಿದ ತಲೆಗೆ ಹಚ್ಚಿದ ಗಂಧ ಒಣಗಿ ಬಿರುಕುಬಿಟ್ಟಿತ್ತು. ಕೆನ್ನೆಗಳು ಕೆಂಪಗೆ, ಆರೋಗ್ಯದಿಂದ ತುಂಬಿಕೊಂಡ ಕೂಸಿನ ಹಾಗೆ. ಎತ್ತಿದರೆ ಕೈಕಾಲು ಒದ್ದೆ ಟವೆಲ್ಲಿನಂತೆ ಜೋತುಬಿದ್ದವು. ಉಸಿರು ಬಿಗಿಹಿಡಿದು ಚಿಲಕ ತೆಗೆದೆ. ಗಂಡ ಕೂಸನ್ನು ಕಿತ್ತುಕೊಂಡು ಬಯಲಿಗೆ ಓಡಿದ. ನಾನು ನಾದಿನಿಯನ್ನು ಕಂಕುಳಲ್ಲಿ ಕೈಕೊಟ್ಟು ಎಳೆದೆ. ಪಕ್ಕದ ಗಾಡಿಯವರು ಬಂದು ಕಾಲು ಹಿಡಿದರು. ಯಾರೋ ಒಬ್ಬ ಹೆಂಗಸು, ಇಂದಿಗೂ ಯಾರೆಂದು ತಿಳಿಯದು, ಕೂಸಿನ ಅಂಗಾಲು ಉಜ್ಜುತ್ತ "ರಡ ಗ ಬಾಯೀ, ರಡ," ಅಳು ತಾಯೀ ಅಳು, ಎಂದು ಮರಾಠಿಯಲ್ಲಿ ಬೈಯುತ್ತಿದ್ದಳು. ಮಾವ ಚಹಾದ ಲೋಟ ಕೈಯಲ್ಲೇ ಹಿಡಿದು ನಿಂತಿದ್ದರು.

ಕೂಸು ಹಾಲು ವಾಂತಿ ಮಾಡಿತು. ಆಮೇಲೆ ಅತ್ತಿತು.

ಅಕ್ಕಲಕೋಟದ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು. ಡಾಕ್ಟರರು ನಮ್ಮ ಮಾತು ಅರ್ಧ ಕೇಳಿ, ಇಂಜಿನ್ನು ಎಲ್ಲಿ ಓಡುತ್ತಿತ್ತು, ಕಿಟಕಿ ಎಲ್ಲಿತ್ತು, ಎಂದಷ್ಟೇ ಕೇಳಿದರು. ಅಲ್ಲಿಂದ ಅಂಬುಲೆನ್ಸಿನಲ್ಲಿ ಸೊಲ್ಲಾಪುರಕ್ಕೆ. ದಾರಿಯಲ್ಲಿ ನಾದಿನಿಗೆ ಪ್ರಜ್ಞೆ ತಿಳಿಯಾಯಿತು. ಮುಖದ ಮೇಲಿನ ಮಾಸ್ಕು ಸರಿಸಿ ನನ್ನನ್ನು ನೋಡಿ ಕೇಳಿದಳು: "ವೈನಿ, ಮೂರಾತೇನ್ರಿ?"

ಇಬ್ಬರೂ ಉಳಿದರು. ಕೂಸು ಮರುದಿನವೇ ವಾರ್ಡಿನ ನರ್ಸಿನ ಪೆನ್ನು ಕಸಿಯತೊಡಗಿತು. ನಾದಿನಿಗೆ ತಲೆನೋವು ಕೆಲವು ಕಾಲ ಇತ್ತು, ಹೋಯಿತು.

ನಿದ್ದೆ ಮಾತ್ರ ಹೋದದ್ದು ಬರಲಿಲ್ಲ. ಲಾತೂರಿನಿಂದ ಅವಳ ಗಂಡ ಬಂದು ಕರೆದರೂ ಅವಳು ಹೋಗಲೊಲ್ಲೆನೆಂದಳು. ಅಲ್ಲಿ ಅವನು ಪಾಳಿ ಕೆಲಸಕ್ಕೆ ಹೋದರೆ ಮನೆಯಲ್ಲಿ ಅವಳೊಬ್ಬಳೇ. ಕೂಸು ಮಲಗಿದಾಗ ನೋಡುವವರು ಯಾರು? ನಮ್ಮ ಮನೆಯಲ್ಲಿ ನೋಡುವವರಿಗೆ ಕೊರತೆಯಿರಲಿಲ್ಲ. ಅವಳು ಎದ್ದು ಕೂಸಿನ ಮೂಗಿನ ಹತ್ತಿರ ಬೆರಳಿಡುತ್ತಿದ್ದಳು. ಅವಳು ಮಲಗಿದ ಮೇಲೆ ನಾನು. ನನ್ನ ಹಿಂದೆ ನನ್ನ ಗಂಡ. ಮಾವನಂತೂ ಹಾಸಿಗೆಯನ್ನೇ ಬಿಟ್ಟರು. ತೊಟ್ಟಿಲ ಬದಿಗೆ ಕುರ್ಚಿ ಹಾಕಿ, ಕೂಸಿನ ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಕೂರುತ್ತಿದ್ದರು. ಕಾವಲು ಜಾಸ್ತಿಯಾಗಿ ಕೂಸೇ ಬೆಚ್ಚಿ ಏಳುತ್ತಿತ್ತು.

ಒಂದು ಬೆಳಿಗ್ಗೆ ಗಂಡ ಜನರೇಟರನ್ನು ಅಂಗಳಕ್ಕಿಳಿಸಿ ಬಿಚ್ಚಿದ. ಫಿಲ್ಟರಿನ ಮುಚ್ಚಳ ತೆಗೆದೊಡನೆ ಎಣ್ಣೆ ಸುರಿಯಿತು. ಸ್ಪಂಜನ್ನು ಮುಷ್ಟಿಯಲ್ಲಿ ಹಿಂಡಿದ, ಮೊಣಕೈವರೆಗೆ ಇಳಿಯಿತು. ಮಾವ ಹೊಸ್ತಿಲಲ್ಲಿ ನಿಂತಿದ್ದರು.

"ಅಂವ ಪಾಜಾ ಅಂದಿದ್ದ. ನಾ ಕುಡಿಸೇನಿ," ಅಂದರು.

ಗಂಡ ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಅಂದ: "ಇದು ಇಂಜಿನ್ನಿನ ಮೂಗು, ಅಪ್ಪಾ. ಮೂಗಿನ್ಯಾಗ ಎಣ್ಣಿ ತುಂಬಿದ್ರ ಉಸರ ಹೆಂಗ ಆಡ್ತದ?"

ಉಸಿರುಕಟ್ಟಿದ ಇಂಜಿನ್ನು ಪೆಟ್ರೋಲನ್ನು ಪೂರ್ತಿ ಸುಡಲಾರದೆ ವಿಷವನ್ನು ಹೆಚ್ಚು ಉಗುಳಿತು, ಅದು ನಿಜ. ಆದರೆ ಡಾಕ್ಟರರೂ ಹೇಳಿದರು, ಪುಸ್ತಕದಲ್ಲೂ ಇದೆ: ಎಷ್ಟೇ ಒಳ್ಳೆಯ ಎಣ್ಣೆ, ಎಷ್ಟೇ ಸರಿಯಾದ ಫಿಲ್ಟರು ಹಾಕಿದರೂ ಆ ಅನಿಲ ಬಂದೇ ಬರುತ್ತದೆ. ಗೋಡೆ ಹತ್ತಿರವಿತ್ತು, ಕಿಟಕಿ ತೆರೆದಿತ್ತು. ನಾವು ಅಂಗಡಿಯಲ್ಲಿ ಎಣ್ಣೆಯ ಎಳೆ ಎಳೆದು ನೋಡಿದೆವು, ಧೂಳಿನ ಚಿಂತೆ ಮಾಡಿದೆವು. ಯಂತ್ರದೊಳಗೆ ಏನು ಹೋಗಬೇಕೆಂದೇ ಎಲ್ಲ ಮಾತು. ಅದರಿಂದ ಹೊರಬರುವುದು ಎಲ್ಲಿಗೆ ಹೋಗುತ್ತದೆಂದು ಯಾರ ತಲೆಗೂ ಹೊಳೆಯಲಿಲ್ಲ. ಇದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದೆ. ಕೇಳಿದರು. "ಖರೆ ತಂಗಿ" ಅಂದರು. ಮತ್ತೆ ಹೋಗಿ ಕುರ್ಚಿಯಲ್ಲಿ ಕೂತರು.

ಅಂಗಡಿಗೆ ಮತ್ತೆ ಹೋಗುವಾಗ ಮಾವ ತಾವೂ ಬರುವುದಾಗಿ ಹೇಳಿದರು. ಅಂಗಡಿಯಾತ ವಿಷಯ ಕೇಳಿ ಬೆಪ್ಪಾದ.

"ಥೋಡಂ ಅಂದಿದ್ನಲ್ರಿ ಕಾಕಾ!"

"ಅಂದಿದ್ದೆಪಾ. ಪಾಜಾ ಅನ್ನೂದು ಕೇಳಿತು, ಥೋಡಂ ಕೇಳಲಿಲ್ಲ." ಮಾವ ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ನಿಂತರು. "ಈಗ ಏನೂ ಕುಡಿಸಬಾರದಂಥಾದ್ದು ಕೊಡು."

ಕಾಗದದ ಫಿಲ್ಟರು ತಂದೆವು. ಅದಕ್ಕೆ ಎಣ್ಣೆ ಮುಟ್ಟಿಸುವಂತೆಯೇ ಇಲ್ಲ. ಕೊಳೆಯಾದರೆ ಎಸೆದು ಹೊಸದು ಹಾಕುವುದು. ಎಣ್ಣೆ ಅದೇ ಮೂವತ್ತನೇ ನಂಬರು. ಹೊಗೆಕೊಳವೆಗೆ ಉದ್ದದ ಪೈಪು ಜೋಡಿಸಿ ಗಾಡಿಯ ಚಾವಣಿಗಿಂತ ಮೇಲೆ ಒಯ್ದರು. ಒಳಗೆ ಯಾರಾದರೂ ಮಲಗಿದ್ದರೆ ಜನರೇಟರು ಓಡಿಸಕೂಡದೆಂದು ನಾದಿನಿ ಕಟ್ಟುಮಾಡಿದಳು, ಯಾರೂ ಎದುರಾಡಲಿಲ್ಲ. ಆ ಅನಿಲದ ಸುಳಿವು ಹತ್ತಿದರೆ ಕೂಗುವ ಪುಟ್ಟ ಅಲಾರಮ್ಮನ್ನು ಗಂಡ ಗಾಡಿಗೆಂದು ತರಿಸಿದ. ನಾದಿನಿ ಅದನ್ನು ಗಾಡಿಗೆ ಬಿಡದೆ ತೊಟ್ಟಿಲ ಮೇಲಿನ ಮೊಳೆಗೆ ತೂಗುಹಾಕಿದಳು. ಆಗಲೂ ನಿದ್ದೆ ಬರಲಿಲ್ಲ. ಈಗ ಕೂಸನ್ನಲ್ಲದೆ ಅಲಾರಮ್ಮಿನ ಹಸಿರು ದೀಪವನ್ನೂ ಎದ್ದು ನೋಡಬೇಕಾಯಿತು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಕೀಂ ಎಂದಿತು.

ಒಂದೇ ಸಲ. ಅಷ್ಟು ಸಾಕಾಯಿತು. ನಾದಿನಿ ಹಿಟ್ಟಿನ ಕೈಯಲ್ಲೇ ಬಂದಳು, ನಾನು ಕಿಟಕಿಗಳನ್ನು ಬಡಿದು ತೆರೆದೆ, ಗಂಡ ಗ್ಯಾಸಿನ ಕಡೆ ಹಾರಿದ. ತೊಟ್ಟಿಲು ಖಾಲಿಯಿತ್ತು. ಓಣಿಗೆ ಓಡಿಬಂದು ನೋಡಿದರೆ, ಓಣಿಯ ಆ ತುದಿಯಲ್ಲಿ ಮಾವ ಬರಿಗಾಲಲ್ಲಿ, ಹೆಗಲ ಮೇಲೆ ಕೂಸು, ಇನ್ನೂ ಓಡುತ್ತಲೇ ಇದ್ದರು.

ಎದುರುಮನೆಯ ಕಾಕು ಹೊರಗೆ ಬಂದಳು. "ಭೂಕಂಪ ಆತೇನ್ರಿ? ಆದ್ರ ನಮಗೂ ಒಂದ್ ಮಾತ ಹೇಳಬಾರದೇನು? ನಾವೇನ್ ಸಾಯಬೇಕಂತ ಕುಂತೇವೇನು?"

ಒಳಗಿನಿಂದ ಗಂಡ ಅಲಾರಮ್ಮನ್ನು ಕೈಯಲ್ಲಿ ಹಿಡಿದು ಬಂದ. "ಸೆಲ್ ಮುಗದಾವ. ಬರೇ ಸೆಲ್!"

"ಖರೇ ನೋಡಿದೇನೋ?" ಅಂತ ಓಣಿಯ ತುದಿಯಿಂದ ಮಾವ.

"ಖರೇ ಅಪ್ಪಾ! ಬರ್ರಿ ತಿರಗಿ!"

ಅವರು ಹತ್ತಿರ ಬರಲಿಲ್ಲ. ನಾವೇ ಹೋದೆವು. ಏದುಸಿರು ಬಿಡುತ್ತಿದ್ದರು. ಕೂಸಿಗೆ ಸವಾರಿ ರುಚಿಸಿ, ಇನ್ನೂ ಓಡು ಎಂಬಂತೆ ಅವರ ಹೆಗಲಿಗೆ ಹಿಮ್ಮಡಿಯಿಂದ ಒದೆಯುತ್ತಿತ್ತು.

"ಅಪ್ಪಾ," ಅಂದಳು ನಾದಿನಿ, "ನನ್ನ ಅಲ್ಲೇ ಬಿಟ್ಟ ಓಡೀರಲ್ರಿ!"

"ನಿನಗ ಕಾಲ ಅದಾವಲ್ಲ."

ಅವಳಿಗೆ ನಗು ಬಂತು. ನಕ್ಕು ನಕ್ಕು ಅಲ್ಲೇ ಕಟ್ಟೆಯ ಮೇಲೆ ಕುಳಿತಳು. ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಮುಖವೆಲ್ಲ ಬೆಳ್ಳಗಾಯಿತು. ಆಮೇಲೆ, "ಹಿಂಗs ಓಡಬೇಕು ನೋಡ್ರಿ ಅಪ್ಪಾ. ಹಿಂಗs," ಅಂದಳು. ಮಾವ ಕೂಸಿನ ಬೆನ್ನು ತಟ್ಟುತ್ತ ನಿಂತರು.

ಮಾರನೆಯ ದಿನ ಎಚ್ಚರವಾದಾಗ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಹಾಲಿನವನು ಕೂಗಿ ಕೂಗಿ ಹೋಗಿರಬೇಕು. ಮನೆಯಲ್ಲಿ ಒಂದು ಸಪ್ಪಳವಿಲ್ಲ. ಮೊದಲು ಬಂದದ್ದು ಭಯವೇ: ಯಾರೂ ಎದ್ದಿಲ್ಲವಲ್ಲ! ಓಡಿಹೋಗಿ ಬಾಗಿಲು ತಳ್ಳಿದೆ.

ನಾದಿನಿ ಗೋಡೆಯ ಕಡೆ ತಿರುಗಿ, ಬಾಯಿ ತೆರೆದು ಮಲಗಿದ್ದಳು. ಕುರ್ಚಿ ಖಾಲಿಯಿತ್ತು. ಮಾವ ತೊಟ್ಟಿಲ ಬದಿಗೆ ಚಾಪೆಯ ಮೇಲೆ ಕೈಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ಕೂಸು ಒಂದೇ ಎದ್ದಿತ್ತು. ತೊಟ್ಟಿಲಲ್ಲಿ ಕೂತು, ಕಂಬಿಯ ಸಂದಿಯಿಂದ ಕೈ ಇಳಿಬಿಟ್ಟು, ಅಜ್ಜನ ಮೀಸೆ ಎಟುಕುತ್ತದೋ ಎಂದು ನೋಡುತ್ತಿತ್ತು. ಎಟುಕಿತು. ಎಳೆಯಿತು.

"ಏ ಬಿಡಬೇ, ಮಕ್ಕೋಗೊಡು," ಎಂದು ಬೈದು ಅವರು ಮಗ್ಗುಲು ಬದಲಿಸಿದರು.